ಕುಂಬಳದೊಳಗಿನ ಶಾವಿಗೆ: ಮುದ್ದೆಯಾಗದಂತೆ, ನೀರೊಡೆಯದಂತೆ ಬೇಯಿಸುವುದು ಹೇಗೆ?

ಅನ್ನ, ಪಾಸ್ತಾ ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದಾರೆ. ಸ್ಪಗೆಟಿ ಸ್ಕ್ವಾಶ್ ತಂದು ನೋಡಿ, ಒಳಗೆ ಶಾವಿಗೆಯೇ ಇರುತ್ತೆ ಎಂದು ಯಾರೋ ಸ್ನೇಹಿತರು ಆಸೆ ಹುಟ್ಟಿಸಿದ್ದಾರೆ. ನೀವು ತಂದಿರಿ, ಉದ್ದಕ್ಕೆ ಎರಡು ಹೋಳು ಮಾಡಿದಿರಿ, ಒಂದು ಗಂಟೆ ಓವನ್‌ನಲ್ಲಿಟ್ಟು ಫೋರ್ಕಿನಿಂದ ಕೆರೆದಿರಿ. ಬಂದದ್ದು ಗಿಡ್ಡ ಗಿಡ್ಡ ಎಳೆಗಳ ಮುದ್ದೆ. ಮೇಲೆ ಸಾಸ್ ಹಾಕಿ ಎಲ್ಲರನ್ನೂ ಊಟಕ್ಕೆ ಕರೆಯುವಷ್ಟರಲ್ಲಿ ತಟ್ಟೆಯ ತಳದಲ್ಲಿ ಕೆಂಪು ನೀರು. "ಇದಕ್ಕಿಂತ ಸೋರೆಕಾಯಿ ಪಲ್ಯವೇ ವಾಸಿ ಇತ್ತಲ್ಲ" ಎಂಬ ಮಾತು ಬಂದಮೇಲೆ ಆ ಕಾಯಿಗೆ ನಿಮ್ಮ ಮನೆಯ ಬಾಗಿಲು ಮುಚ್ಚಿತು.

ಅಮೆರಿಕ, ಕೆನಡಾಗಳ ಕನ್ನಡದ ಮನೆಗಳಲ್ಲಿ ಈ ಕಥೆ ಹೊಸದಲ್ಲ. ಹೀಗಾಗುವುದಕ್ಕೆ ಮುಖ್ಯವಾಗಿ ಎರಡೇ ಕಾರಣ: ಕಾಯಿಯನ್ನು ಹೆಚ್ಚಿದ ದಿಕ್ಕು ಮತ್ತು ಒಳಗೇ ಉಳಿದ ನೀರು. ಎರಡನ್ನೂ ಸರಿಪಡಿಸುವುದು ಕಷ್ಟವಲ್ಲ.

ಎಳೆ ಎಲ್ಲಿಂದ ಬರುತ್ತದೆ?

ಸ್ಪಗೆಟಿ ಸ್ಕ್ವಾಶ್ ಒಂದು ಬಗೆಯ ಚಳಿಗಾಲದ ಸ್ಕ್ವಾಶ್. ಹಾಗೆಂದರೆ ಚಳಿಗಾಲದಲ್ಲಿ ಬೆಳೆಯುವ ಕಾಯಿಯಲ್ಲ. ಬೇಸಿಗೆಯಲ್ಲಿ ಬೆಳೆದು, ಬಳ್ಳಿಯಲ್ಲೇ ಪೂರ್ತಿ ಬಲಿತು, ಚಳಿ ಹಿಡಿಯುವ ಮುಂಚೆ ಕೊಯ್ಲಾಗಿ, ಗಟ್ಟಿ ಸಿಪ್ಪೆಯ ದೆಸೆಯಿಂದ ಚಳಿಗಾಲವಿಡೀ ಕೆಡದೆ ಉಳಿಯುವಂಥದ್ದು. ಬಟರ್‌ನಟ್, ಏಕಾರ್ನ್, ಕಬೋಚಾ ಎಲ್ಲ ಈ ಗುಂಪಿನವೇ. ಇವುಗಳಲ್ಲಿ ಬೆಂದಮೇಲೆ ತಾನಾಗಿ ಎಳೆ ಬಿಡುವುದು ಮೊಟ್ಟೆಯಾಕಾರದ, ಹಳದಿ ಬಣ್ಣದ ಸ್ಪಗೆಟಿ ಸ್ಕ್ವಾಶ್ ಮಾತ್ರ. 1930ರ ದಶಕದಲ್ಲಿ ಜಪಾನಿನ ಸಕಾಟಾ ಬೀಜದ ಕಂಪನಿ ಇದರ ಸುಧಾರಿತ ತಳಿಯನ್ನು ಹೊರತಂದಿತು. ಅದೇ ದಶಕದಲ್ಲಿ ಬರ್ಪಿ ಕಂಪನಿಯ ಮೂಲಕ ಬೀಜ ಅಮೆರಿಕದ ತೋಟಗಳನ್ನು ಸೇರಿತು. ಚರಿತ್ರೆ ಇಷ್ಟು ಸಾಕು, ಕಾಯಿಯ ಒಳಗೆ ನೋಡೋಣ.

ಇದರ ತಿರುಳಿನಲ್ಲಿ ಜೀವಕೋಶಗಳು ಉದ್ದುದ್ದ ಕಟ್ಟುಗಳಾಗಿ ಕೂಡಿಕೊಂಡಿರುತ್ತವೆ. ಕಟ್ಟಿಗೂ ಕಟ್ಟಿಗೂ ನಡುವೆ ಅಂಟಿನಂತೆ ಇರುವುದು ಪೆಕ್ಟಿನ್. ಕಾವಿಗೆ ಆ ಪೆಕ್ಟಿನ್ ಸಡಿಲವಾದಾಗ ಕಟ್ಟುಗಳು ಒಂದರಿಂದೊಂದು ಬಿಡಿಸಿಕೊಂಡು ಎಳೆಗಳಾಗುತ್ತವೆ. ಹದ ಮೀರಿ ಬೆಂದರೆ ಎಳೆಯೊಳಗಿನ ಹಿಡಿತವೂ ಸಡಿಲವಾಗಿ ಎಲ್ಲವೂ ಮುದ್ದೆಯಾಗುತ್ತದೆ. ಮುದ್ದೆಗೂ ಎಳೆಗೂ ನಡುವಿನ ಅಂತರ ಒಮ್ಮೊಮ್ಮೆ ಬರೀ ಹತ್ತು ನಿಮಿಷ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಎಳೆಗಳು ತೊಟ್ಟಿನಿಂದ ತುದಿಗೆ ಹೋಗುವುದಿಲ್ಲ. ಬಾವಿಯ ರಾಟೆಗೆ ಹಗ್ಗ ಸುತ್ತಿದ ಹಾಗೆ ಕಾಯಿಯ ಹೊಟ್ಟೆಯ ಸುತ್ತ ಸುತ್ತಿಕೊಂಡಿರುತ್ತವೆ. ಉದ್ದಕ್ಕೆ ಸೀಳಿದರೆ ಒಂದೊಂದು ಸುತ್ತೂ ನಡುವೆ ತುಂಡಾಗುತ್ತದೆ. ಅಡ್ಡಕ್ಕೆ ಬಳೆಬಳೆಯಾಗಿ ಕತ್ತರಿಸಿದರೆ ಸುತ್ತು ಪೂರ್ತಿ ಉಳಿದು, ನಿಜವಾದ ಶಾವಿಗೆಯಷ್ಟು ಉದ್ದದ ಎಳೆ ಸಿಗುತ್ತದೆ. ಎಷ್ಟೋ ಪಾಕವಿಧಾನಗಳು ಇವತ್ತಿಗೂ ಉದ್ದಕ್ಕೆ ಸೀಳಿ ಎಂದೇ ಬರೆಯುತ್ತವೆ. ಅರ್ಧ ಕಾಯಿ ದೋಣಿಯ ಹಾಗೆ ಕೂತರೆ ಫೋಟೊ ಚೆನ್ನಾಗಿ ಬರುತ್ತದೆ ಎಂಬುದನ್ನು ಬಿಟ್ಟರೆ ಬೇರೆ ಲಾಭ ನನಗೆ ಕಂಡಿಲ್ಲ.

ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಒಂದು ಕಪ್ ಬೆಂದ ಪಾಸ್ತಾದಲ್ಲಿ ಸುಮಾರು 220 ಕ್ಯಾಲರಿ, 43 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಒಂದು ಕಪ್ ಬೆಂದ ಈ ಎಳೆಯಲ್ಲಿ ಸುಮಾರು 42 ಕ್ಯಾಲರಿ, 10 ಗ್ರಾಂ ಕಾರ್ಬೋಹೈಡ್ರೇಟ್. ಗ್ಲುಟೆನ್ ಇಲ್ಲ. ಸಕ್ಕರೆ ಕಾಯಿಲೆಯವರಿಗೂ ಗೋಧಿ ಒಗ್ಗದವರಿಗೂ ಇದು ದೊಡ್ಡ ಅನುಕೂಲ.

ಆದರೆ ಪಾಸ್ತಾದಲ್ಲಿ ಕಪ್ಪಿಗೆ 8 ಗ್ರಾಂ ಪ್ರೋಟೀನ್ ಸಿಕ್ಕರೆ ಇದರಲ್ಲಿ ಸಿಗುವುದು ಒಂದು ಗ್ರಾಂ ಮಾತ್ರ. ನೂರಕ್ಕೆ ತೊಂಬತ್ತು ಭಾಗಕ್ಕೂ ಮಿಕ್ಕಿ ನೀರೇ. ಹಾಗಾಗಿ ಬರೀ ಇದನ್ನು ತಿಂದು ಎದ್ದರೆ ಒಂದು ಗಂಟೆಯಲ್ಲಿ ಚಕ್ಕುಲಿ ಡಬ್ಬಿ ಹುಡುಕುತ್ತೀರಿ. ಬೆಂದ ಕಡಲೆಕಾಳು, ಪನ್ನೀರ್, ತೋಫು, ಮೊಟ್ಟೆ, ಹುರಿದ ಕಡಲೆಕಾಯಿ, ಯಾವುದಾದರೊಂದು ಜೊತೆಗಿರಲಿ. ಕುಂಬಳ ಅಂದಮೇಲೆ ವಿಟಮಿನ್ ಎ ಬೇಕಾದಷ್ಟು ಎಂದೂ ಭಾವಿಸಬೇಡಿ. ಆ ಹೆಚ್ಚುಗಾರಿಕೆ ಕಡು ಕಿತ್ತಳೆ ಬಣ್ಣದ ಬಟರ್‌ನಟ್‌ನದು; ತೆಳು ಹಳದಿಯ ಈ ಕಾಯಿಯಲ್ಲಿ ಅದು ತೀರ ಕಡಿಮೆ.

ರುಚಿಯ ವಿಚಾರದಲ್ಲೂ ಮೊದಲೇ ಮನಸ್ಸು ಸಿದ್ಧ ಮಾಡಿಕೊಳ್ಳಿ. ಇದು ಗೋಧಿಯ ಪಾಸ್ತಾದಂತೆ ಜಗಿಯಲು ಸಿಗುವುದಿಲ್ಲ. ಹಲ್ಲಿಗೆ ಕರುಕ್ ಎನ್ನುವ, ಒಂಚೂರು ಸಿಹಿಯ ತರಕಾರಿ ಅಷ್ಟೆ. ಪಾಸ್ತಾ ಎಂದು ನಂಬಿಸಿ ಮಕ್ಕಳ ಮುಂದೆ ಇಟ್ಟರೆ ಮೊದಲ ತುತ್ತಿಗೇ ಸಿಕ್ಕಿಬೀಳುತ್ತೀರಿ.

ಕಾಯಿ ಆರಿಸುವಾಗ

ಸುಮಾರು ಮೂರು ಪೌಂಡಿನ ಕಾಯಿ ಅನುಕೂಲ. ಅದರಿಂದ ನಾಲ್ಕರಿಂದ ಐದು ಕಪ್ ಎಳೆ ಬರುತ್ತದೆ. ಗಾತ್ರಕ್ಕೆ ತಕ್ಕ ತೂಕ ಇರಬೇಕು. ಬಣ್ಣ ಎಲ್ಲ ಕಡೆ ಒಂದೇ ಸಮನಾದ ಹಳದಿ. ಹಸಿರು ಪಟ್ಟೆ ಉಳಿದಿದ್ದರೆ ಇನ್ನೂ ಬಲಿತಿಲ್ಲ. ನೆಲಕ್ಕೆ ತಾಗಿದ್ದ ಕಡೆ ಸ್ವಲ್ಪ ಬಿಳಿಚಿದ್ದರೆ ತೊಂದರೆಯಿಲ್ಲ. ಉಗುರಿನಿಂದ ಒತ್ತಿ ನೋಡಿ, ಗುರುತು ಬಿದ್ದರೆ ಬೇಡ. ತೊಟ್ಟು ಒಣಗಿ ಗಟ್ಟಿಯಾಗಿ ಕಾಯಿಗೆ ಅಂಟಿಕೊಂಡಿರಲಿ. ತೊಟ್ಟು ಬಿದ್ದುಹೋಗಿ ಗುಳಿಯಾದ ಜಾಗದಿಂದಲೇ ಕೊಳೆಯುವುದು ಶುರುವಾಗುತ್ತದೆ.

ಹೆಚ್ಚುವುದು: ಇಲ್ಲಿ ಅವಸರ ಬೇಡ

ಊರಿನಲ್ಲಿ ಸಿಹಿಗುಂಬಳ ಹೆಚ್ಚಿ ಪಳಗಿದ ಕೈಗೂ ಇದು ಸುಲಭವಲ್ಲ. ಸಿಪ್ಪೆ ನುಣುಪು, ಆಕಾರ ಉರುಟು, ಒಳಗೆ ಪೊಳ್ಳು. ಚಾಕು ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ, ಮೈಯೆಲ್ಲ ಭಾರ ಹಾಕಿ ಒತ್ತಿದಾಗ ತಟ್ಟನೆ ಜಾರುತ್ತದೆ. ಬೆರಳಿಗೆ ಹೊಲಿಗೆ ಹಾಕಿಸಿಕೊಳ್ಳುವುದು ಹೀಗೇ. ಊರಿಂದ ಬಂದ ಅಮ್ಮನೋ ಅತ್ತೆಯೋ ಸಹಾಯಕ್ಕೆ ನಿಂತಿದ್ದರೆ ಈ ಒಂದು ಕೆಲಸ ಅವರಿಗೆ ಬಿಡಬೇಡಿ.

1. ಕಾಯಿ ತೊಳೆದು ಒರೆಸಿ. ಚೂಪಾದ ಚಾಕುವಿನ ತುದಿಯಿಂದ ಸುತ್ತಲೂ ಎಂಟು ಹತ್ತು ಕಡೆ, ಒಳಗಿನ ಪೊಳ್ಳಿಗೆ ತಾಗುವಷ್ಟು ಆಳಕ್ಕೆ ಚುಚ್ಚಿ. ಮೈಕ್ರೋವೇವ್‌ನಲ್ಲಿ ಮೂರರಿಂದ ಐದು ನಿಮಿಷ ಇಡಿ. ಕಾಯಿ ಬೇಯುವುದಿಲ್ಲ, ಸಿಪ್ಪೆ ಮಾತ್ರ ಮೆತ್ತಗಾಗುತ್ತದೆ. ಚುಚ್ಚದೆ ಇಟ್ಟರೆ ಒಳಗೆ ಹಬೆ ತುಂಬಿ ಕಾಯಿ ಸಿಡಿಯಬಹುದು.

2. ಹೊರಗೆ ತೆಗೆದು ಹತ್ತು ನಿಮಿಷ ಆರಲು ಬಿಡಿ. ಹೆಚ್ಚುವ ಹಲಗೆಯ ಕೆಳಗೆ ಒದ್ದೆ ಬಟ್ಟೆ ಹಾಸಿದರೆ ಹಲಗೆ ಜಾರುವುದಿಲ್ಲ.

3. ತೊಟ್ಟಿನ ತುದಿ, ಹೂವಿನ ತುದಿ ಎರಡನ್ನೂ ಅರ್ಧ ಇಂಚು ಕತ್ತರಿಸಿ ತೆಗೆಯಿರಿ. ಕಾಯಿಯನ್ನು ಮಲಗಿಸಿ, ಒಂದೂಕಾಲು ಇಂಚು ದಪ್ಪದ ಬಳೆಗಳಾಗಿ ಅಡ್ಡಕ್ಕೆ ಕತ್ತರಿಸಿ. ಚಾಕು ಸಿಕ್ಕಿಕೊಂಡರೆ ಎಳೆದಾಡಬೇಡಿ. ಕಾಯಿಯನ್ನು ಸ್ವಲ್ಪ ಉರುಳಿಸಿ ಇನ್ನೊಂದು ಕಡೆಯಿಂದ ಬನ್ನಿ.

4. ಬಳೆಯ ನಡುವಿನ ಬೀಜ, ನಾರನ್ನು ಚಮಚದ ಅಂಚಿನಿಂದ ಸುತ್ತ ಕೆರೆದು ತೆಗೆಯಿರಿ. ಬೀಜ ಎಸೆಯಬೇಡಿ. ತೊಳೆದು ಒಣಗಿಸಿ, ಎಣ್ಣೆ, ಉಪ್ಪು, ಅಚ್ಚಖಾರದ ಪುಡಿ ಸವರಿ, ಓವನ್‌ನಲ್ಲಿ 325 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಕಾಲು ಗಂಟೆ ಹುರಿದರೆ ಸಂಜೆಯ ಕಾಫಿಗೆ ಆಯಿತು.

ಈ ಹಂತದಲ್ಲಿ ಮರೆಯದೆ ಮಾಡಬೇಕಾದ ಇನ್ನೊಂದು ಕೆಲಸವಿದೆ: ಹಸಿ ತಿರುಳಿನ ಒಂದು ಚೂರನ್ನು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿಯಿದ್ದರೆ ಉಗಿದು, ಇಡೀ ಕಾಯಿಯನ್ನು ಕಸಕ್ಕೆ ಹಾಕಿ. ಸೋರೆಕಾಯಿ, ಸೌತೆಕಾಯಿ ಹೆಚ್ಚುವಾಗ ನಮ್ಮ ಮನೆಗಳಲ್ಲಿ ರುಚಿ ನೋಡುವ ಪದ್ಧತಿ ಯಾಕಿದೆಯೋ ಇಲ್ಲೂ ಕಾರಣ ಅದೇ. ಈ ಕುಟುಂಬದ ಕಾಯಿಗಳಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ವಿಷವಸ್ತು ಹೆಚ್ಚಾದರೆ ತೀವ್ರ ವಾಂತಿ, ಭೇದಿ ಆಗುತ್ತದೆ. ಬೇಯಿಸಿದರೆ ಅದು ಹೋಗುವುದಿಲ್ಲ, ಬೆಲ್ಲ ಹುಳಿ ಹಾಕಿ ಮುಚ್ಚುವಂಥದ್ದೂ ಅಲ್ಲ. ಅಂಗಡಿಯ ಕಾಯಿಯಲ್ಲಿ ಇದು ಅಪರೂಪ. ಆದರೆ ಹಿತ್ತಲಲ್ಲಿ ಬೆಳೆಯುವವರು ತಿಂದ ಕಾಯಿಯ ಬೀಜವನ್ನೇ ಮರುವರ್ಷ ಬಿತ್ತಬಾರದು. ಜುಕಿನಿ ಮತ್ತು ಅಲಂಕಾರಕ್ಕೆ ಇಡುವ ಕೆಲವು ಬಣ್ಣದ ಕಾಯಿಗಳು ಇದರದೇ ಜಾತಿಯವು. ಜೇನುಹುಳು ಅಲ್ಲಿಂದ ಇಲ್ಲಿಗೆ ಪರಾಗ ತಂದರೆ ಆ ಬೀಜದಿಂದ ಹುಟ್ಟಿದ ಬಳ್ಳಿಯಲ್ಲಿ ಕಹಿ ಕಾಯಿ ಬಿಡಬಹುದು. ಅಕ್ಟೋಬರಿನಲ್ಲಿ ಬಾಗಿಲ ಬಳಿ ಅಲಂಕಾರಕ್ಕೆಂದು ಮಾರುವ ಚಿಕ್ಕ ಕಾಯಿಗಳನ್ನಂತೂ ಅಡುಗೆಗೆ ಬಳಸಲೇಬೇಡಿ.

ಬೇಯಿಸುವ ಕ್ರಮ

ನನ್ನ ಮತ ಓವನ್‌ಗೆ. ಒಣ ಕಾವಿನಲ್ಲಿ ನೀರು ಆವಿಯಾಗಿ ಹೋಗುತ್ತದೆ, ರುಚಿ ಗಟ್ಟಿಯಾಗುತ್ತದೆ. ಬಳೆಯ ಎರಡೂ ಮುಖ ತೆರೆದಿರುವುದರಿಂದ ಹಬೆ ಹೊರಹೋಗಲು ದಾರಿಯಿರುತ್ತದೆ. ಅರ್ಧ ಹೋಳನ್ನು ಬೋರಲು ಹಾಕಿದರೆ ಅದೇ ಹಬೆ ಒಳಗೇ ಸುತ್ತುತ್ತದೆ.

1. ಬಳೆಗಳ ಎರಡೂ ಬದಿಗೆ ಉಪ್ಪು ಉದುರಿಸಿ, ಕಾಗದದ ಟವೆಲ್ ಮೇಲೆ ಇಪ್ಪತ್ತು ನಿಮಿಷ ಇಡಿ. ಮೇಲೆ ಹನಿಹನಿಯಾಗಿ ನೀರು ಬೆವರುತ್ತದೆ. ಅದನ್ನೂ ಉಳಿದ ಉಪ್ಪನ್ನೂ ಒರೆಸಿ ತೆಗೆಯಿರಿ.

2. ಓವನ್ 400 ಡಿಗ್ರಿ ಫ್ಯಾರನ್‌ಹೀಟ್‌ಗೆ, ಸೆಲ್ಸಿಯಸ್ ಲೆಕ್ಕದಲ್ಲಿ ಸುಮಾರು 200ಕ್ಕೆ ಕಾಯಿಸಿ. ಬಳೆಗಳಿಗೆ ತೆಳುವಾಗಿ ಎಣ್ಣೆ ಸವರಿ, ಟ್ರೇಯಲ್ಲಿ ಒಂದಕ್ಕೊಂದು ತಾಗದಂತೆ ಜೋಡಿಸಿ. ನೀರು ಹಾಕಬೇಡಿ, ಮುಚ್ಚಬೇಡಿ.

3. ಕಾಲು ಗಂಟೆಗೆ ಒಮ್ಮೆ ಮಗುಚಿ. ಇಪ್ಪತ್ತೈದನೆಯ ನಿಮಿಷಕ್ಕೆ ಒಂದು ಬಳೆ ಹೊರತೆಗೆದು ಒಳಅಂಚನ್ನು ಫೋರ್ಕಿನಿಂದ ಎಳೆದು ನೋಡಿ. ಎಳೆ ತಡೆಯಿಲ್ಲದೆ ಬಿಟ್ಟುಕೊಂಡು, ಬಾಯಿಗೆ ಹಾಕಿದಾಗ ಇನ್ನೂ ಸ್ವಲ್ಪ ಕರುಕ್ ಎಂದರೆ ಅದೇ ಹದ. ಸಾಮಾನ್ಯವಾಗಿ ಮೂವತ್ತು ನಿಮಿಷದ ಆಸುಪಾಸಿನಲ್ಲಿ ಈ ಹದ ಬರುತ್ತದೆ. ಗಡಿಯಾರಕ್ಕಿಂತ ಫೋರ್ಕನ್ನೇ ನಂಬಿ.

4. ಕೈಗೆ ತಾಳುವಷ್ಟು ಆರಿದಮೇಲೆ ಬಿಡಿಸಿ. ಸಿಪ್ಪೆಯನ್ನು ಒಂದು ಕಡೆ ಕತ್ತರಿಸಿ ಬಳೆಯನ್ನು ಬಿಚ್ಚಿದರೆ ತಿರುಳು ಉದ್ದನೆಯ ಪಟ್ಟಿಯಾಗಿ ಕೈಗೆ ಬರುತ್ತದೆ. ಅದನ್ನು ಎರಡು ಕೈಬೆರಳಿನಿಂದ ಮೆಲ್ಲಗೆ ಸಡಿಲಿಸಿ. ಮೊದಲು ದಪ್ಪ ಗೊಂಚಲಾಗಿ, ಆಮೇಲೆ ಒಂದೊಂದೇ ಎಳೆಯಾಗಿ, ಬೆಳ್ಳಗೆ ಹೊಳೆಯುತ್ತ ಬಿಚ್ಚಿಕೊಳ್ಳುತ್ತದೆ. ಫೋರ್ಕಿನಿಂದ ಗರಗರ ಕೆರೆದರೆ ಉಳಿಸಿದ ಉದ್ದವೆಲ್ಲ ಅಲ್ಲೇ ಹೋಯಿತು.

5. ಎಳೆಗಳನ್ನು ಅಗಲ ತಟ್ಟೆಯಲ್ಲಿ ಹರಡಿ ಐದು ನಿಮಿಷ ಹಬೆಯಾಡಲು ಬಿಡಿ. ಇನ್ನೂ ಒದ್ದೆ ಅನ್ನಿಸಿದರೆ ಎಣ್ಣೆಯಿಲ್ಲದ ಅಗಲ ಬಾಣಲೆಯಲ್ಲಿ, ಜೋರು ಉರಿಯಲ್ಲಿ ಎರಡು ಮೂರು ನಿಮಿಷ ಮಗುಚಿ. ಬಟ್ಟೆಯಲ್ಲಿ ಕಟ್ಟಿ ಹಿಂಡುವುದು ಬೇಡ, ಎಳೆ ನಜ್ಜುಗುಜ್ಜಾಗುತ್ತದೆ.

ಓವನ್ ಹಾಕಲು ಸಮಯವಿಲ್ಲದ ದಿನ ಮೈಕ್ರೋವೇವ್ ಆದೀತು. ಅಡ್ಡಕ್ಕೆ ಎರಡು ಹೋಳು ಮಾಡಿ, ಬೀಜ ತೆಗೆದು, ಗಾಜಿನ ಪಾತ್ರೆಯಲ್ಲಿ ಸ್ವಲ್ಪ ನೀರಿಟ್ಟು ಬೋರಲು ಹಾಕಿ. ಎಂಟು ನಿಮಿಷಕ್ಕೆ ನೋಡಿ, ಬೇಕಿದ್ದರೆ ಇನ್ನು ಮೂರು ನಾಲ್ಕು ನಿಮಿಷ. ಪಾತ್ರೆ ಹೊರತೆಗೆದು ಎತ್ತುವಾಗ ಬಿಸಿ ಹಬೆ ಮುಖಕ್ಕೆ ಹೊಡೆಯದಂತೆ ಜೋಪಾನ. ಇನ್‌ಸ್ಟಂಟ್ ಪಾಟ್‌ನಲ್ಲಿ ಒಂದು ಕಪ್ ನೀರು, ಒಳಗೆ ಸ್ಟ್ಯಾಂಡ್, ಏಳು ನಿಮಿಷ, ಕೂಡಲೇ ಹಬೆ ಬಿಡುವುದು. ಈ ಎರಡರಲ್ಲೂ ಎಳೆ ಒದ್ದೆಯಾಗಿಯೇ ಬರುತ್ತದೆ, ಬಾಣಲೆಯಲ್ಲಿ ಒಣಗಿಸುವುದನ್ನು ತಪ್ಪಿಸುವ ಹಾಗಿಲ್ಲ. ಸೀಟಿ ಹೊಡೆಯುವ ನಮ್ಮ ಕುಕ್ಕರ್ ಇದಕ್ಕೆ ಸಲ್ಲ. ಎರಡನೆಯ ಸೀಟಿಗೆ ಕಾಯಿ ಹೋಗಿ ಗೊಜ್ಜಾಗಿರುತ್ತದೆ. ಇಡ್ಲಿ ಪಾತ್ರೆಯ ಹಬೆ ಅದಕ್ಕಿಂತ ಮೇಲು, ಹದಿನೈದು ನಿಮಿಷಕ್ಕೆ ಮುಚ್ಚಳ ತೆಗೆದು ನೋಡಿ.

ಜೊತೆಗೆ ಏನು ಹಾಕಬೇಕು?

ಗೋಧಿಯ ಪಾಸ್ತಾದಲ್ಲಿ ಪಿಷ್ಟ ಇರುತ್ತದೆ. ಅದು ಸಾಸನ್ನು ಹೀರುತ್ತದೆ, ಬೇಯಿಸಿದ ನೀರನ್ನು ಒಂದು ಸೌಟು ಸೇರಿಸಿದರೆ ಸಾಸ್ ಗಟ್ಟಿಯಾಗಿ ಅಂಟುತ್ತದೆ. ಕುಂಬಳದ ಎಳೆ ಇದಕ್ಕೆ ತದ್ವಿರುದ್ಧ. ಸಾಸನ್ನು ಹೀರುವುದಿಲ್ಲ, ಉಪ್ಪು ತಾಗಿದ ಕೂಡಲೇ ತನ್ನ ನೀರನ್ನೇ ಬಿಟ್ಟುಕೊಡುತ್ತದೆ. ಆದ್ದರಿಂದ ತೆಳು ಸಾಸ್ ಯಾವುದೂ ಇದಕ್ಕೆ ಹೊಂದದು. ಬಾಟಲಿಯ ಟೊಮೆಟೊ ಸಾಸನ್ನು ಅರ್ಧದಷ್ಟಾಗುವ ತನಕ ಕುದಿಸಿ ಇಂಗಿಸಬೇಕು. ಅದಕ್ಕಿಂತ ತುಳಸಿ ಜಾತಿಯ ಬೇಸಿಲ್ ಎಲೆಯ ಪೆಸ್ಟೊ, ಬೆಳ್ಳುಳ್ಳಿ ಹುರಿದ ಆಲಿವ್ ಎಣ್ಣೆ, ಕಂದುಬಣ್ಣಕ್ಕೆ ಕಾಯಿಸಿದ ಬೆಣ್ಣೆ ಚೆನ್ನಾಗಿ ಒಪ್ಪುತ್ತವೆ. ಕೊಬ್ಬು ಎಳೆಗೆ ಅಂಟುತ್ತದೆ, ನೀರು ಅಂಟುವುದಿಲ್ಲ. ಪಾರ್ಮೆಸಾನ್ ತುರಿಯುವ ಸಸ್ಯಾಹಾರಿಗಳು ಪೊಟ್ಟಣದ ಹಿಂಬದಿ ಓದಿ: ಇಟಲಿಯ ಅಸಲಿ ಪಾರ್ಮಿಜಾನೋ ರೆಜಾನೋ ಚೀಸ್‌ಗೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಸಸ್ಯಾಹಾರಿ ರೆನೆಟ್ ಎಂದು ಬರೆದ ಚೀಸ್ ಬೇರೆ ಸಿಗುತ್ತದೆ.

ಕೊಬ್ಬು ಅಂಟುತ್ತದೆ ಎಂಬ ಲೆಕ್ಕ ಹಿಡಿದು ಹೊರಟರೆ ನಮ್ಮ ಒಗ್ಗರಣೆಗಿಂತ ಒಳ್ಳೆಯ ಜೋಡಿ ಇದಕ್ಕೆ ಸಿಗಲಾರದು. ಒತ್ತು ಶಾವಿಗೆಗೆ ಹಾಕುವ ತೆಂಗಿನಕಾಯಿ, ನಿಂಬೆಹಣ್ಣಿನ ಒಗ್ಗರಣೆಯನ್ನೇ ಇಲ್ಲಿಗೂ ತನ್ನಿ. ಇಟಲಿಯ ಸಾಸಿಗಿಂತ ಇದರಲ್ಲೇ ಈ ಕಾಯಿ ಹೆಚ್ಚು ರುಚಿ ಎನ್ನುವವರ ಪೈಕಿ ನಾನು.

ಮೂರು ಕಪ್ ಎಳೆಗೆ: ಒಂದು ದೊಡ್ಡ ಚಮಚ ಕೊಬ್ಬರಿ ಎಣ್ಣೆ ಕಾಯಿಸಿ, ಅರ್ಧ ಚಮಚ ಸಾಸಿವೆ ಸಿಡಿಸಿ. ಒಂದೊಂದು ಚಮಚ ಕಡಲೆಬೇಳೆ, ಉದ್ದಿನಬೇಳೆ, ಒಂದು ಹಿಡಿ ಕಡಲೆಕಾಯಿ ಬೀಜ ಹಾಕಿ ಕೆಂಪಗೆ ಹುರಿಯಿರಿ. ಸೀಳಿದ ಹಸಿಮೆಣಸಿನಕಾಯಿ ಮೂರು, ತುರಿದ ಶುಂಠಿ, ಕರಿಬೇವು, ಚಿಟಿಕೆ ಇಂಗು, ಅರಿಸಿನ ಸೇರಿಸಿ. ಒಣಗಿಸಿದ ಎಳೆ ಹಾಕಿ, ಸೌಟಿನಿಂದ ಕಲಸದೆ, ಎರಡು ಫೋರ್ಕುಗಳಿಂದ ಎತ್ತಿ ಎತ್ತಿ ಹಾಕುತ್ತ ಒಂದು ನಿಮಿಷ ಬಿಸಿ ಮಾಡಿ. ಒಲೆ ಆರಿಸಿ. ಆಮೇಲೆ ಕಾಲು ಕಪ್ ಕಾಯಿತುರಿ, ಅರ್ಧ ನಿಂಬೆಹಣ್ಣಿನ ರಸ, ಕೊತ್ತಂಬರಿ ಸೊಪ್ಪು, ಎಲ್ಲಕ್ಕಿಂತ ಕೊನೆಗೆ ಉಪ್ಪು. ಕೂಡಲೇ ಬಡಿಸಿ.

ಪುಳಿಯೋಗರೆ ಗೊಜ್ಜು ಮನೆಯಲ್ಲಿದ್ದರೆ ಇನ್ನೂ ಸುಲಭ. ಎಣ್ಣೆ ಬಿಡುವಷ್ಟು ಕುದಿದ ಗೊಜ್ಜಿನಲ್ಲಿ ನೀರಿನ ಅಂಶ ಕಡಿಮೆ, ಎಳೆಗೆ ಚೆನ್ನಾಗಿ ಹಿಡಿಯುತ್ತದೆ. ಉಪ್ಪು ಗೊಜ್ಜಿನಲ್ಲೇ ಇರುವುದರಿಂದ ಮತ್ತೆ ಹಾಕಬೇಡಿ. ಮೊಸರು ಹಾಕಿ ಬಗಳಾಬಾತ್ ಮಾಡುವ ಯೋಚನೆ ಬಂದರೆ ಅಲ್ಲಿಗೇ ಬಿಡಿ, ಅದು ಮಜ್ಜಿಗೆಯಾಗುತ್ತದೆ. ಪಾಯಸಕ್ಕೂ ಬೇಡ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಪಾಸ್ತಾದಂತೆ ಕುದಿಯುವ ನೀರಿಗೆ ಹಾಕುವುದು. ತಿರುಳಿನಲ್ಲಿರುವ ನೀರೇ ಸಾಲದು ಎಂಬಂತೆ ಇನ್ನಷ್ಟು ಕುಡಿಸಿದ ಹಾಗಾಗುತ್ತದೆ.

ಮುಂಚೆಯೇ ಕಲಸಿಡುವುದು. ಅತಿಥಿಗಳು ಬರುವ ಮೊದಲು ಎಳೆ ಬಿಡಿಸಿ ಬೇರೆ, ಒಗ್ಗರಣೆ ಬೇರೆ ಮಾಡಿಡಿ. ಬಡಿಸುವ ಹೊತ್ತಿಗೆ ಸೇರಿಸಿ. ಊಟದ ಡಬ್ಬಿಗೆ ಹಾಕುವಾಗಲೂ ಇದೇ ಕ್ರಮ.

ಬೇರೆ ಕುಂಬಳದಿಂದ ಎಳೆ ನಿರೀಕ್ಷಿಸುವುದು. "ಇಲ್ಲಿ ಬೆಂಗಳೂರಿನಲ್ಲಿ ಸಿಹಿಗುಂಬಳದಲ್ಲಿ ಮಾಡಬಹುದಾ?" ಎಂದು ಫೋನಿನಲ್ಲಿ ಅಕ್ಕ ತಂಗಿಯರು ಕೇಳುತ್ತಾರೆ. ಆಗುವುದಿಲ್ಲ. ನಮ್ಮ ಸಿಹಿಗುಂಬಳ ಬಟರ್‌ನಟ್ ಜಾತಿಗೆ ಹತ್ತಿರದ್ದು; ಬೆಂದರೆ ಮೆತ್ತಗಾಗುತ್ತದೆ, ಎಳೆ ಬಿಡುವುದಿಲ್ಲ. ಅಲ್ಲಿರುವವರು ಜುಕಿನಿ ಅಥವಾ ಸೀಮೆಬದನೆಯನ್ನು ಸುರುಳಿ ಕೊಯ್ಯುವ ಉಪಕರಣದಲ್ಲಿ ಎಳೆ ಮಾಡಿ, ಉಪ್ಪು ಹಚ್ಚಿ ನೀರು ಬಸಿದು, ಎರಡು ನಿಮಿಷ ಮಾತ್ರ ಬಾಡಿಸಿದರೆ ಹತ್ತಿರ ಹತ್ತಿರ ಇದೇ ಅನುಭವ.

ಮಾತ್ರೆಯ ಲೆಕ್ಕ ಮರೆಯುವುದು. ಇದು ಅಡುಗೆಯ ತಪ್ಪಲ್ಲವಾದರೂ ಎಲ್ಲಕ್ಕಿಂತ ಗಂಭೀರ. ಇನ್ಸುಲಿನ್ ತೆಗೆದುಕೊಳ್ಳುವವರು, ಸಕ್ಕರೆ ಇಳಿಸುವ ಕೆಲವು ಮಾತ್ರೆ ನುಂಗುವವರು ಪಾಸ್ತಾ, ಅನ್ನದ ಜಾಗದಲ್ಲಿ ದಿಢೀರನೆ ಇದನ್ನು ತಿಂದರೆ ಔಷಧಿ ಅಷ್ಟೇ ಉಳಿದು ಹಿಟ್ಟಿನಂಶ ಕಾಲು ಭಾಗಕ್ಕೆ ಇಳಿದಿರುತ್ತದೆ. ರಕ್ತದ ಸಕ್ಕರೆ ಕುಸಿದು ಬೆವರು, ನಡುಕ, ತಲೆಸುತ್ತು ಬರಬಹುದು. ಊಟದ ಕ್ರಮ ಬದಲಿಸುವ ಮೊದಲು ನಿಮ್ಮ ಡಾಕ್ಟರ ಹತ್ತಿರ ಡೋಸ್ ಬಗ್ಗೆ ಮಾತಾಡಿ.

ಉಳಿದರೆ

ಇಡೀ ಕಾಯಿಯನ್ನು ಫ್ರಿಜ್‌ನಲ್ಲಿ ಇಡುವ ಅಗತ್ಯವಿಲ್ಲ. ಗಾಳಿಯಾಡುವ, ತಂಪಾದ, ಒಣ ಜಾಗದಲ್ಲಿ ಒಂದೆರಡು ತಿಂಗಳು ಆರಾಮಾಗಿ ಇರುತ್ತದೆ. ಸೇಬಿನ ಬುಟ್ಟಿಯಿಂದ ದೂರವಿಡಿ. ಸೇಬು ಬಿಡುವ ಎಥಿಲೀನ್ ಅನಿಲಕ್ಕೆ ಕಾಯಿ ಬೇಗ ಹಾಳಾಗುತ್ತದೆ. ಬಿಡಿಸಿದ ಎಳೆ, ಏನೂ ಸೇರಿಸದೆ, ತಳಕ್ಕೆ ಕಾಗದದ ಟವೆಲ್ ಹಾಸಿದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಟ್ಟರೆ ಮೂರು ನಾಲ್ಕು ದಿನಕ್ಕೆ ಚಿಂತೆಯಿಲ್ಲ. ಫ್ರೀಜರಿನಲ್ಲೂ ಇಡಬಹುದು, ಆದರೆ ಕರಗಿದಾಗ ನೀರು ಬಿಟ್ಟು ಎಳೆ ಮೆತ್ತಗಾಗಿರುತ್ತದೆ. ಅಂಥದ್ದನ್ನು ಮತ್ತೆ ಶಾವಿಗೆಯಾಗಿ ಬಡಿಸಲು ಹೋಗಬೇಡಿ. ಜರಡಿಯಲ್ಲಿ ಒತ್ತಿ ನೀರು ತೆಗೆದು, ಅಕ್ಕಿಹಿಟ್ಟು, ಈರುಳ್ಳಿ, ಹಸಿಮೆಣಸಿನಕಾಯಿ, ಜೀರಿಗೆಯ ಜೊತೆ ಕಲಸಿ ಅಕ್ಕಿರೊಟ್ಟಿ ತಟ್ಟಿ. ಹಿಟ್ಟು ಕಲಸಲು ಬೇರೆ ನೀರು ಬೇಕಾಗುವುದಿಲ್ಲ.